ಬೇರೆ ಕಂಪನಿಯ ಕ್ಯಾಮೆರಾ ಬ್ಯಾಟರಿಯ ನಿಜವಾದ ಸಾಮರ್ಥ್ಯ ತಿಳಿಯುವುದು ಹೇಗೆ?

ಪೂರ್ತಿ ಚಾರ್ಜ್ ಮಾಡಿ, ಒಂದೇ ಸಮನಾದ ವಿದ್ಯುತ್ ಪ್ರವಾಹದಲ್ಲಿ ಖಾಲಿ ಮಾಡುತ್ತಾ ಎಷ್ಟು ಹೊತ್ತು ಬಾಳುತ್ತದೆ ಎಂದು ಅಳೆಯಬೇಕು. ಸಾಮರ್ಥ್ಯವೆಂದರೆ ಪ್ರವಾಹವನ್ನು ಸಮಯದಿಂದ ಗುಣಿಸಿದ್ದು. 2000 ಎಂಎಎಚ್ (ಮಿಲಿಆಂಪಿಯರ್-ಗಂಟೆ) ಎಂದು ಬರೆದ ಬ್ಯಾಟರಿ 400 ಮಿಲಿಆಂಪಿಯರ್‌ನಲ್ಲಿ ಐದು ಗಂಟೆ ನಡೆಯಬೇಕು. ಮೂರೇ ಗಂಟೆಗೆ ಮುಗಿದರೆ ಒಳಗಿರುವುದು 1200 ಮಾತ್ರ.

ಕ್ಯಾಮೆರಾ ತೋರಿಸುವ ಶೇ. 100 ಅನ್ನು ದಯವಿಟ್ಟು ಪುರಾವೆ ಎಂದು ನಂಬಬೇಡಿ. ಬಿಂದಿಗೆ ತುಂಬಿದರೂ ತಂಬಿಗೆ ತುಂಬಿದರೂ ‘ತುಂಬಿದೆ’ ಎಂದೇ ಅದು ಹೇಳುತ್ತದೆ.

ಎರಡು ಸೆಲ್‌ಗಳಿರುವ 7.2 ವೋಲ್ಟ್‌ನ ಲಿಥಿಯಂ ಬ್ಯಾಟರಿಯನ್ನು 6 ವೋಲ್ಟ್‌ಗಿಂತ ಕೆಳಗೆ ಇಳಿಸಬೇಡಿ, ಹಾಳಾಗುತ್ತದೆ. ತಾನಾಗಿಯೇ ನಿಲ್ಲುವ ಪರೀಕ್ಷಾ ಸಾಧನವನ್ನೇ ಬಳಸಿ. ಕಲಬುರಗಿಯಂಥ ಊರಿನಲ್ಲಿ ಬೇಸಿಗೆಯ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ, ತಾಪಕ್ಕೆ ತಕ್ಕಂತೆ ಅಳತೆಯೂ ಬದಲಾಗುತ್ತದೆ. ಆದ್ದರಿಂದ ಮೂಲ ಬ್ಯಾಟರಿಯನ್ನೂ ಇದನ್ನೂ ಬೆಳಗಿನ ತಂಪಿನಲ್ಲೇ ಪರೀಕ್ಷಿಸಿ ಹೋಲಿಸಿ.