ಪಾವಗಡದ ಸೋಲಾರ್ ದುಡ್ಡು ಯಾರ ಮನೆಗೆ ಬಂತು?

ಅಷ್ಟು ದೊಡ್ಡ ಸೋಲಾರ್ ಪಾರ್ಕ್ ಬಂದ ಮೇಲೆ ನಿಮ್ಮ ಕಡೆ ಹಳ್ಳಿಗಳೆಲ್ಲ ಉದ್ಧಾರ ಆಗಿರಬೇಕಲ್ವಾ ಅಂತ ಕೇಳಿದಿರಿ. ಜಮೀನು ಇದ್ದವರಿಗೆ ಅನುಕೂಲ ಆಗಿದೆ, ನಿಜ. ಜಮೀನು ಇಲ್ಲದವರಿಗೆ ಇದ್ದ ಕೂಲಿಯೂ ಹೋಯಿತು.

ನಮ್ಮ ಪಾವಗಡ ತಾಲ್ಲೂಕು ಲೆಕ್ಕಕ್ಕೆ ತುಮಕೂರು ಜಿಲ್ಲೆ. ನಕ್ಷೆ ನೋಡಿದರೆ ಮೂರು ಕಡೆ ಆಂಧ್ರ, ಒಂದು ಕಡೆ ಚಿತ್ರದುರ್ಗ. ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಮಕ್ಕಳ ಓದು ಕನ್ನಡ, ಸಂತೆಯಲ್ಲಿ ಎರಡೂ ನಡೆಯುತ್ತೆ. ಮಳೆ ಕಡಿಮೆ. ಕಡಲೆಕಾಯಿ ಬಿತ್ತಿ ಮೋಡ ನೋಡುತ್ತಾ ಕೂರುವ ಬೇಸಾಯ. ಬೋರ್ ಕೊರೆಸಿದರೆ ಎಷ್ಟೋ ಸಲ ಸಾಲ ಮಾತ್ರ ಉಳಿಯುತ್ತೆ, ನೀರು ಬಿದ್ದರೂ ಅದರಲ್ಲಿ ಫ್ಲೋರೈಡ್. ಯಾವ ಪ್ರದೇಶ ಎಷ್ಟು ಹಿಂದುಳಿದಿದೆ ಅಂತ ನೋಡಲು ಸರ್ಕಾರ ಮಾಡಿದ್ದ ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳನ್ನು ಹೆಸರಿಸಿದ್ದರು, ಅದರಲ್ಲಿ ಪಾವಗಡವೂ ಒಂದು. ದುಡಿಯುವ ವಯಸ್ಸಿನವರು ಬೆಂಗಳೂರು ಬಸ್ ಹತ್ತುವುದು ನಮ್ಮಲ್ಲಿ ಹೊಸದೇನಲ್ಲ.

ಇಂಥ ಕಡೆ ಸರ್ಕಾರ ಪಾರ್ಕ್ ಮಾಡಲು ಬಂತು. ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಾಲಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಈ ಐದು ಊರುಗಳ ಸುಮಾರು 13,000 ಎಕರೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು, ಮುಂದಿನ ವರ್ಷದ ಕೊನೆಗೆ 2,050 ಮೆಗಾವ್ಯಾಟ್ ಪೂರ್ತಿ ಆಯಿತು. ಇಲ್ಲಿ ಒಂದು ಕೆಲಸ ಬಹಳ ಸರಿಯಾಗಿ ಮಾಡಿದರು. ಜಮೀನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ತೆಗೆದುಕೊಂಡರು. ಶುರುವಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ, 28 ವರ್ಷದ ಕರಾರು. ಪಹಣಿ, ಅಂದರೆ ಜಮೀನಿನ ದಾಖಲೆ, ರೈತನ ಹೆಸರಲ್ಲೇ ಇರುತ್ತೆ. ಬೇರೆ ಕಡೆ ಪರಿಹಾರದ ದುಡ್ಡು ಒಂದೇ ಸಲ ಬಂದು ಎರಡು ಮದುವೆ, ಒಂದು ಕಾರಲ್ಲಿ ಕರಗಿ ಹೋಗಿದ್ದನ್ನು ನೋಡಿದವರಿಗೆ ಈ ವ್ಯವಸ್ಥೆಯ ಬೆಲೆ ಗೊತ್ತಾಗುತ್ತೆ. ಹತ್ತು ಎಕರೆ ಇದ್ದವನು ಮಳೆ ಬಂದರೂ ಬರದಿದ್ದರೂ ವರ್ಷಕ್ಕೆ ಎರಡು ಲಕ್ಷದ ಮೇಲೆ ಎಣಿಸುತ್ತಾನೆ. ಹಳೇ ಸಾಲ ತೀರಿಸಿದವರಿದ್ದಾರೆ, ಮಾಳಿಗೆ ಮನೆ ಕೆಡವಿ ಆರ್‌ಸಿಸಿ ಹಾಕಿಸಿದವರಿದ್ದಾರೆ. ಅದರ ಬಗ್ಗೆ ನನಗೆ ಖುಷಿಯೇ ಇದೆ.

ಆದರೆ ದುಡ್ಡು ಬರುವುದು ಪಹಣಿ ಹಿಡಿದುಕೊಂಡು. ತಾತನ ಹೆಸರಲ್ಲೇ ಖಾತೆ ಉಳಿದು ಪೌತಿ, ಅಂದರೆ ಸತ್ತವರ ಖಾತೆ ವಾರಸುದಾರರ ಹೆಸರಿಗೆ ಬದಲಾಗುವುದು, ಆಗಿಲ್ಲದಿದ್ದರೆ ಅಣ್ಣ ತಮ್ಮ ಅತ್ತೆ ಚಿಕ್ಕಪ್ಪ ಎಲ್ಲರೂ ಸಹಿ ಹಾಕುವ ತನಕ ಓಡಾಟ. ಬಗರ್ ಹುಕುಂನಲ್ಲಿ, ಅಂದರೆ ಮಂಜೂರಾಗದ ಸರ್ಕಾರಿ ಜಮೀನಲ್ಲಿ, ಉಳುತ್ತಿದ್ದವನ ಹತ್ತಿರ ತೋರಿಸಲು ಕಾಗದವೇ ಇಲ್ಲ. ಇನ್ನು ಕೂಲಿಯವರು. ಕಡಲೆಕಾಯಿ ಅಂದರೆ ಬರೀ ರೈತನ ಬೆಳೆ ಅಲ್ಲ, ಬಿತ್ತನೆ, ಕಳೆ, ಗಿಡ ಕೀಳುವುದು, ಕಾಯಿ ಬಿಡಿಸುವುದು, ಹೀಗೆ ಊರಿನ ಹೆಂಗಸರಿಗೆ ಸಾಲಾಗಿ ಕೆಲಸ, ಅದರ ಜೊತೆ ಮನೆಗೆ ನಾಲ್ಕು ಸೇರು ಕಾಯಿ, ಹಸುವಿಗೆ ಹೊಟ್ಟು. ಅದೆಲ್ಲ ಬೇಲಿಯ ಒಳಗೆ ಹೋಯಿತು. ಕುರಿ ಕಾಯುವವರು ಮೊದಲು ಬೆಳೆ ಕೊಯ್ದ ಹೊಲದಲ್ಲಿ ಮಂದೆ ಬಿಡುತ್ತಿದ್ದರು, ಈಗ ತಂತಿ ಸುತ್ತಿಕೊಂಡು ದೂರ ಹೋಗಬೇಕು, ಕೆಲವರು ಕುರಿ ಮಾರಿಯೇಬಿಟ್ಟರು.

ಬದಲಿಗೆ ಸಿಕ್ಕಿದ್ದು ಪ್ಯಾನಲ್ ತೊಳೆಯುವುದು, ಹುಲ್ಲು ಕೊಯ್ಯುವುದು, ವಾಚ್‌ಮನ್ ಕೆಲಸ. ಅದೂ ಗುತ್ತಿಗೆದಾರರ ಮೂಲಕ, ಎಲ್ಲರಿಗೂ ಇಲ್ಲ. ಪಾರ್ಕ್ ಕಟ್ಟುವಾಗ ಜನ ಜಾಸ್ತಿ ಬೇಕಿತ್ತು, ಕಟ್ಟಿದ ಮೇಲೆ ಬೇಡವಾಯಿತು. ಸೋಲಾರ್‌ನ ಗುಣವೇ ಅದು, ನಡೆಸಲು ಕೈ ಕಡಿಮೆ ಸಾಕು. ಇದು ಕರಾರು ಬರೆಯುವ ದಿನವೇ ಗೊತ್ತಿದ್ದ ವಿಷಯ. ಹಾಗಿದ್ದ ಮೇಲೆ ಕೂಲಿ ಮನೆಗಳಿಗೆ ಏನು ಅಂತ ಅದೇ ಕಾಗದದಲ್ಲಿ ಬರೆಯಬೇಕಿತ್ತು. ಶಾಲೆ ಕಟ್ಟಡ, ರಸ್ತೆ, ಶುದ್ಧ ನೀರಿನ ಘಟಕ ಇವೆಲ್ಲ ಬೇಕು, ಬೇಡ ಅನ್ನಲ್ಲ. ಆದರೆ ಸೋಮವಾರ ಬೆಳಗ್ಗೆ ಕೆಲಸಕ್ಕೆ ಎಲ್ಲಿಗೆ ಹೋಗಬೇಕು ಅನ್ನುವ ಹೆಂಗಸಿಗೆ ಹೊಸ ಶಾಲೆ ಗೋಡೆ ಉತ್ತರ ಕೊಡಲ್ಲ.

ಪಾರ್ಕ್ ಇನ್ನೂ ದೊಡ್ಡದು ಮಾಡುವ ಮಾತು ಬರುತ್ತಲೇ ಇದೆ. ರೈತರು ಒಪ್ಪಬಹುದು, ಒಪ್ಪಿದರೆ ತಪ್ಪೂ ಇಲ್ಲ. ನಾನು ಕೇಳುವುದು ಇಷ್ಟೇ: ಈ ಸಲ ಸರ್ವೆಗೆ ಬರುವವರು ಪಹಣಿ ಬರೆದುಕೊಳ್ಳುವಾಗ ಆ ಹೊಲದಲ್ಲಿ ಯಾರ್‍ಯಾರು ಕೂಲಿ ಮಾಡುತ್ತಾರೆ, ಯಾರ ಕುರಿ ಮೇಯುತ್ತವೆ ಅನ್ನುವುದನ್ನೂ ಬರೆದುಕೊಳ್ಳಲಿ, ಎಕರೆಗೆ ಕೊಡುವ ಬಾಡಿಗೆಯ ಜೊತೆ ಆ ಮನೆಗಳಿಗೂ ವರ್ಷಕ್ಕೆ ಇಷ್ಟು ಅಂತ ಒಂದು ಪಾಲು ಇಡಲಿ. ನೀವು ನೋಡಲು ಬಂದರೆ ಪ್ಯಾನಲ್ ಹತ್ತಿರ ಫೋಟೋ ತೆಗೆಸಿಕೊಂಡು ಹೋಗಬೇಡಿ, ಊರೊಳಗೆ ಬಂದು ಜಮೀನಿಲ್ಲದ ಒಂದೆರಡು ಮನೆಯವರನ್ನೂ ಮಾತಾಡಿಸಿ.