ಅಟ್ಟದ ಮೇಲೆ ಓಡುವುದು ಯಾವುದು, ಅಂಗಳ ಬಗೆಯುವುದು ಯಾವುದು?

ಪ್ರಶ್ನೆ: ನಮ್ಮದು ಹಳೇ ಹಂಚಿನ ಮನೆ. ಮಳೆ ಹಿಡಿದ ಮೇಲೆ ರಾತ್ರಿಯಿಡೀ ಅಟ್ಟದಲ್ಲಿ ಓಡಾಟ. ಬಚ್ಚಲುಮನೆ ಹಿಂದೆ ಬೆಳಿಗ್ಗೆ ಎದ್ದು ನೋಡಿದರೆ ಹೊಸ ಮಣ್ಣಿನ ಗುಡ್ಡೆ. ಅಡುಗೆಮನೆ ಗೋಡೆ ಬುಡದಲ್ಲಿ ‘ಚಿಕ್ ಚಿಕ್’ ಅಂತ ಸದ್ದು, ಜೊತೆಗೆ ಕೆಟ್ಟ ವಾಸನೆ. ಟ್ಯೂಬಿನಲ್ಲಿ ಬರುವ ಇಲಿ ಪಾಷಾಣ ತಂದಿದ್ದೇವೆ. ಅನ್ನಕ್ಕೆ ಕಲಸಿ ಎಲ್ಲ ಕಡೆ ಇಡಬಹುದಾ? ಮನೆಯಲ್ಲಿ ಚಿಕ್ಕ ಮಗು ಇದೆ, ಬೆಕ್ಕುಗಳಿವೆ.
– ಓದುಗರು, ಹೊಸನಗರ ತಾಲ್ಲೂಕು

ಉತ್ತರ: ಇಡಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಟ್ಯೂಬಿನ ಪೇಸ್ಟುಗಳಲ್ಲಿ ಸಾಮಾನ್ಯವಾಗಿ ಇರುವುದು ಹಳದಿ ರಂಜಕ. ಅದು ಹೊಟ್ಟೆಗೆ ಹೋದರೆ ಲಿವರ್ ಹಾಳಾಗುತ್ತದೆ, ಅದಕ್ಕೆ ಪ್ರತಿಮದ್ದು ಇಲ್ಲ. ಕಪ್ಪು ಪುಡಿಯ ಜಿಂಕ್ ಫಾಸ್ಫೈಡ್‌ಗೂ ಪ್ರತಿಮದ್ದಿಲ್ಲ. ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ಇವೆರಡಕ್ಕೂ ಜಾಗವೇ ಇಲ್ಲ. ತಂದಿದ್ದನ್ನು ಸದ್ಯಕ್ಕೆ ಎತ್ತರದಲ್ಲಿ ಬೀಗ ಹಾಕಿಡಿ.

ಇನ್ನು ವಿಷಯಕ್ಕೆ ಬರೋಣ. ನಿಮ್ಮ ಪತ್ರ ಓದಿದರೆ ಮನೆಗೆ ಬರುತ್ತಿರುವುದು ಒಂದಲ್ಲ, ಮೂರು ಪ್ರಾಣಿ ಅನ್ನಿಸುತ್ತದೆ, ಮೂರಕ್ಕೂ ಒಂದೇ ಮದ್ದು ನಡೆಯುವುದಿಲ್ಲ.

ಅಡುಗೆಮನೆಯದ್ದು ಇಲಿಯೇ ಅಲ್ಲ, ಮೂಗಿಲಿ. ಕೆಲವರು ಸುಂಡಿಲಿ ಅಂತಲೂ ಕರೆಯುತ್ತಾರೆ. ಉದ್ದ ಮೂತಿ, ಸಣ್ಣ ಕಣ್ಣು, ಗೋಡೆ ಬುಡ ಹಿಡಿದೇ ಓಡುತ್ತದೆ. ಅದು ತಿನ್ನುವುದು ಜಿರಳೆ, ಹುಳುಗಳನ್ನು. ವಾಸನೆ ಬಿಟ್ಟರೆ ಅದರಿಂದ ನಷ್ಟ ಕಮ್ಮಿ. ದಯವಿಟ್ಟು ಕೊಲ್ಲಬೇಡಿ. ಬಾಗಿಲಡಿಯ ಸಂದು ಮುಚ್ಚಿ, ಜಿರಳೆ ಕಮ್ಮಿ ಮಾಡಿ, ಅದು ತಾನೇ ಬೇರೆ ಕಡೆ ಹೋಗುತ್ತದೆ.

ಅಟ್ಟದಲ್ಲಿರುವುದು ಮನೆ ಇಲಿ. ಬಾಲ ಮೈಗಿಂತ ಉದ್ದ ಇರುತ್ತದೆ, ಮರ, ಪಕಾಸು, ವೈರು ಏನನ್ನಾದರೂ ಹತ್ತುತ್ತದೆ. ಹಿಕ್ಕೆ ಸುಮಾರು 1 ಸೆಂ.ಮೀ., ತುದಿ ಚೂಪು. (ಅಕ್ಕಿ ಡಬ್ಬದ ಹತ್ತಿರ 5 ಮಿ.ಮೀ.ನಷ್ಟು ಸಣ್ಣ ಹಿಕ್ಕೆ ಕಂಡರೆ ಅದು ಚಿಟ್ಟಿಲಿ.) ಮಳೆಗಾಲದಲ್ಲಿ ಹೊರಗೆಲ್ಲ ನೀರು, ಅಟ್ಟ ಬೆಚ್ಚಗೆ, ಮೇಲಾಗಿ ನಾವೇ ಅಲ್ಲಿ ಹಳೇ ಗೋಣಿಚೀಲ, ಅಡಿಕೆ ಹಾಳೆ, ರದ್ದಿ ಕಾಗದ ಎಲ್ಲ ತುಂಬಿಟ್ಟಿರುತ್ತೇವೆ, ಅಲ್ವಾ? ಗೂಡಿಗೆ ಬೇಕಾದ್ದು ಅಷ್ಟೇ. ಮೂರು ವಾರ ಬಸುರಿದ್ದು ಒಂದೇ ಸಲಕ್ಕೆ ಆರೇಳು ಮರಿ ಹಾಕುವ ಪ್ರಾಣಿ ಅದು, ಹಾಗಾಗಿ ‘ಮಳೆ ಮುಗಿಯಲಿ’ ಅಂತ ಕಾಯುವುದರಲ್ಲಿ ಅರ್ಥವಿಲ್ಲ.

ಮೊದಲು ಅಟ್ಟ ಖಾಲಿ ಮಾಡಿ. ಹಂಚಿಗೆ ತಾಗುವ ಮಾವು, ಹಲಸಿನ ಕೊಂಬೆ ಕಡಿಸಿ. ಗೋಡೆ ಮುಗಿದು ಮಾಡು ಶುರುವಾಗುವ ಕಡೆ ಉದ್ದಕ್ಕೂ ಸಂದು ಇರುತ್ತದೆ, ಮಲೆನಾಡಿನ ಹಳೇ ಮನೆಗಳಲ್ಲಿ ಇಲಿಗೆ ಹೆದ್ದಾರಿ ಅದೇ. ಅಲ್ಲಿ ಕಾಲಿಂಚಿನ ಕಣ್ಣಿರುವ ಕಬ್ಬಿಣದ ಜಾಲರಿ ಹೊಡೆಸಿ. ಬಟ್ಟೆ, ಥರ್ಮಾಕೋಲ್ ತುರುಕಿದರೆ ಪ್ರಯೋಜನ ಇಲ್ಲ, ಬೇಗನೆ ಕೊರೆದುಬಿಡುತ್ತವೆ. ಎಳೇ ಇಲಿಗೆ ಅರ್ಧ ಇಂಚಿನ ತೂತು ಸಾಕು.

ಆಮೇಲೆ ಬೋನು. ಇಲಿ ಹೊಸ ವಸ್ತು ಕಂಡರೆ ಕೆಲವು ದಿನ ಹತ್ತಿರ ಬರುವುದಿಲ್ಲ. ಸಂಜೆ ಬೋನು ಇಟ್ಟು ಬೆಳಿಗ್ಗೆ ‘ಬಿದ್ದಿಲ್ಲ’ ಅಂತ ಎತ್ತಿಟ್ಟುಬಿಡುವವರೇ ಜಾಸ್ತಿ. ನಾಲ್ಕೈದು ಬೋನು ತಂದು, ಗೋಡೆ ಪಕ್ಕದಲ್ಲಿ, ಹಿಕ್ಕೆ ಬಿದ್ದಿರುವ ಕಡೆ ಸುಮ್ನೆ ತೆರೆದಿಡಿ. ಒಳಗೆ ಸುಟ್ಟ ಕೊಬ್ಬರಿ ಚೂರು ಅಥವಾ ಒಣಮೀನು ಇರಲಿ. ಕೆಲವು ರಾತ್ರಿ ನಿರ್ಭಯವಾಗಿ ತಿಂದುಕೊಂಡು ಹೋಗಲಿ. ರೂಢಿಯಾದ ಮೇಲೆ ಒಂದೇ ಸಂಜೆ ಎಲ್ಲಾ ಬೋನುಗಳನ್ನೂ ಹೂಡಿ. ಬಿದ್ದದ್ದನ್ನು ದೂರದ ಕಾಡಿಗೆ ಬಿಟ್ಟುಬರುತ್ತೇವೆ ಎನ್ನುವವರಿಗೆ ಒಂದು ಮಾತು: ಅದು ಇನ್ನೊಬ್ಬರ ಮನೆ ಸೇರುತ್ತದೆ.

ಬಚ್ಚಲ ಹಿಂದಿನದ್ದು ಹೆಗ್ಗಣ. ಬಾಲ ಮೈಗಿಂತ ಗಿಡ್ಡ, ಮೈ ದಪ್ಪ, ಒರಟು ಕೂದಲು, ಹಿಕ್ಕೆಯೂ ದಪ್ಪ. ಅದಕ್ಕೆ ಅಟ್ಟ ಬೇಡ, ಮೆತ್ತನೆ ಮಣ್ಣು ಬೇಕು. ಬಚ್ಚಲ ನೀರು, ಮುಸುರೆ, ಅಡುಗೆ ಕಸ ಬೀಳುವ ಗುಂಡಿ ಎಲ್ಲಿದೆಯೋ ಅಲ್ಲೇ ಬಿಲ. ಮಣ್ಣಿನ ಗೋಡೆಯ ಮನೆಯಾದರೆ ಅದು ಬುನಾದಿಯನ್ನೇ ಟೊಳ್ಳು ಮಾಡುತ್ತದೆ, ಹಾಗಾಗಿ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸಂಜೆ ಎಲ್ಲ ಬಿಲಗಳಿಗೂ ಮಣ್ಣು ಮೆತ್ತಿ. ಬೆಳಿಗ್ಗೆ ಯಾವುದು ತೆರೆದಿದೆಯೋ ಅದರಲ್ಲಿ ಹೆಗ್ಗಣ ಇದೆ ಅಂತ ಅರ್ಥ. ಅದರ ಬಾಯಿಗೇ ದೊಡ್ಡ ಬೋನು ಇಡಿ. ಹೆಗ್ಗಣ ಸಿಕ್ಕ ಮೇಲೆ ಬಿಲಕ್ಕೆ ಜಲ್ಲಿ, ಸಿಮೆಂಟು ತುಂಬಿಸಿ. ಬಚ್ಚಲ ನೀರಿಗೆ ಪೈಪ್ ಹಾಕಿಸಿ ತೋಟಕ್ಕೆ ಬಿಡಿ. ಕಸದ ಗುಂಡಿ ಮನೆಯಿಂದ ದೂರ ಇರಲಿ.

ಇಷ್ಟೆಲ್ಲ ಮಾಡಿಯೂ ಬಗ್ಗದಿದ್ದರೆ ಮಾತ್ರ ವಿಷ. ಅದೂ 0.005% ಬ್ರೊಮಾಡಿಯೋಲೋನ್ ಇರುವ ಬಿಲ್ಲೆ. ಅದನ್ನು ತಂತಿ ಕಟ್ಟಿದ ಪಿವಿಸಿ ಪೈಪಿನೊಳಗೆ, ಮಗು, ಬೆಕ್ಕು ತಲುಪದ ಕಡೆ ಇಡಬೇಕು. ಇಲಿ ತಿಂದು ಸಾಯಲು ಕೆಲವು ದಿನ ಬೇಕು. ಆ ಇಲಿಯನ್ನು ಬೆಕ್ಕೋ ಗೂಬೆಯೋ ತಿಂದರೆ ಅದಕ್ಕೂ ಅಪಾಯ, ಆದ್ದರಿಂದ ದಿನಾ ಹುಡುಕಿ ಆಳವಾಗಿ ಹೂಳಿ. ಇದಕ್ಕೆ ವಿಟಮಿನ್ ಕೆ1 ಪ್ರತಿಮದ್ದಾಗಿ ಕೆಲಸ ಮಾಡುತ್ತದೆ. ಯಾರಾದರೂ ಅಪ್ಪಿತಪ್ಪಿ ಬಾಯಿಗೆ ಹಾಕಿಕೊಂಡರೆ ಕಾಯದೆ, ಪ್ಯಾಕೆಟ್ಟಿನ ಸಮೇತ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಇಲಿ ಜ್ವರ, ಮಂಗನ ಕಾಯಿಲೆ ಎರಡೂ ಇಲಿಯಿಂದಲೇ ಬರುತ್ತವಾ?
– ಓದುಗರು, ತೀರ್ಥಹಳ್ಳಿ

ಉತ್ತರ: ಎರಡೂ ಬೇರೆ ಬೇರೆ. ಇಲಿ ಜ್ವರ ಇಲಿಯ ಮೂತ್ರ ಸೇರಿದ ನೀರು, ಕೆಸರಿನಿಂದ ಬರುತ್ತದೆ, ದನ, ನಾಯಿಯ ಮೂತ್ರದಿಂದಲೂ ಬರಬಹುದು. ಒಡೆದ ಹಿಮ್ಮಡಿ, ಕಾಲಿನ ಗಾಯದ ಮೂಲಕ ರೋಗಾಣು ಒಳಗೆ ಹೋಗುತ್ತದೆ. ನಾಟಿ ಸಮಯದಲ್ಲಿ, ಕೊಟ್ಟಿಗೆ ತೊಳೆಯುವಾಗ ಗಮ್‌ಬೂಟ್ ಹಾಕಿ. ಜ್ವರದ ಜೊತೆ ಮೀನಖಂಡ ವಿಪರೀತ ನೋವು, ಕಣ್ಣು ಕೆಂಪು ಇದ್ದರೆ ಬರೀ ಜ್ವರದ ಮಾತ್ರೆ ನುಂಗಿಕೊಂಡು ಮನೆಯಲ್ಲಿ ಕೂರಬೇಡಿ. ಗದ್ದೆಗೆ ಇಳಿದಿದ್ದೆ ಅಂತ ಡಾಕ್ಟರಿಗೆ ಹೇಳಿ, ಬೇಗ ಗೊತ್ತಾದರೆ ಆಂಟಿಬಯೋಟಿಕ್‌ನಿಂದ ವಾಸಿಯಾಗುತ್ತದೆ.

ಮಂಗನ ಕಾಯಿಲೆ ಉಣುಗು ಕಚ್ಚುವುದರಿಂದ ಬರುವುದು. 1957ರಲ್ಲಿ ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಯಿತು. ಕಾಡಿನ ಇಲಿ, ಮೂಗಿಲಿಗಳ ಮೈಮೇಲೂ ಉಣುಗು ಬೆಳೆಯುತ್ತವೆ ನಿಜ, ಆದರೆ ಅಟ್ಟದ ಇಲಿಗೆ ಹೆದರುವುದಕ್ಕಿಂತ ಬೇಸಿಗೆಯಲ್ಲಿ ದರಗು ತರಲು ಕಾಡಿಗೆ ಹೋಗುವಾಗ ಎಚ್ಚರ ಇರಬೇಕು. ಮೈತುಂಬ ಬಟ್ಟೆ ಹಾಕಿ, ಆರೋಗ್ಯ ಇಲಾಖೆಯವರು ಕೊಡುವ ತೈಲ ಹಚ್ಚಿಕೊಳ್ಳಿ, ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ.

ಹಾಗೇ, ಒಣಗಿದ ಹಿಕ್ಕೆಯನ್ನು ಪೊರಕೆಯಿಂದ ಗುಡಿಸಬೇಡಿ, ಧೂಳಾಗಿ ಮೂಗಿಗೆ ಹೋಗುತ್ತದೆ. ಬ್ಲೀಚಿಂಗ್ ಪುಡಿ ಕದಡಿದ ನೀರು ಚಿಮುಕಿಸಿ, ನೆನೆದ ಮೇಲೆ ಕೈಗವಸು ಹಾಕಿಕೊಂಡು ಒರೆಸಿ ತೆಗೆಯಿರಿ.

ಪ್ರಶ್ನೆ: ಇಲಿ ಹಿಡಿಯಲು ಸೌದೆ ಕೊಟ್ಟಿಗೆಗೆ ಕೇರೆ ಹಾವು ಬರುತ್ತಿದೆ. ಅದು ನಾಗರಹಾವಿನ ಜೋಡಿ ಅನ್ನುತ್ತಾರೆ. ಹೊಡೆದು ಹಾಕೋಣವೇ?
– ಓದುಗರು, ಆಗುಂಬೆ ಹತ್ತಿರ

ಉತ್ತರ: ಬೇಡವೇ ಬೇಡ. ಕೇರೆಗೆ ವಿಷ ಇಲ್ಲ. ನಾಗರದ ಜೊತೆ ಜೋಡಿ ಆಗುತ್ತದೆ ಎನ್ನುವುದು ಸುಳ್ಳು, ದನದ ಹಾಲು ಕುಡಿಯುತ್ತದೆ ಎನ್ನುವುದೂ ಸುಳ್ಳು. ಬೋನು ಹೊಗದ ಬಿಲದೊಳಗೂ ಅದು ಹೋಗಿ ಇಲಿ ಹಿಡಿಯುತ್ತದೆ. ಆದರೆ ನಿಮ್ಮ ಕಡೆ ಇನ್ನೊಂದು ವಿಷಯ ಇದೆ. ಇಲಿ ಜಾಸ್ತಿಯಾದರೆ ಕೇರೆ ಬರುತ್ತದೆ, ಕೇರೆಯನ್ನು ತಿನ್ನಲು ಕಾಳಿಂಗ ಬರುತ್ತದೆ. ಹಾವು ಮನೆ ಹತ್ತಿರ ಸುಳಿಯಬಾರದು ಅಂದರೆ ಸೌದೆ ರಾಶಿಯನ್ನು ನೆಲದಿಂದ ಒಂದಡಿ ಎತ್ತರಿಸಿ ಒಟ್ಟಿ, ಕೋಳಿಗೂಡಿನ ಕೆಳಗೆ ಚೆಲ್ಲಿದ ಕಾಳನ್ನು ಸಂಜೆಯೇ ಗುಡಿಸಿ. ರಾತ್ರಿ ಸೌದೆ ತರಲು ಹೋದರೆ ಟಾರ್ಚ್ ಕೈಯಲ್ಲಿರಲಿ.

ಪ್ರಶ್ನೆ: ಪ್ಲಗ್‌ಗೆ ಹಾಕಿದರೆ ಇಲಿ ಓಡಿಸುವ ಶಬ್ದದ ಯಂತ್ರ ತರಿಸಬಹುದಾ?
– ಓದುಗರು, ಸಾಗರ

ಉತ್ತರ: ಬೇಡ. ಆ ಶಬ್ದ ಗೋಡೆ, ಗೋಣಿಚೀಲ ದಾಟಿ ಹೋಗುವುದಿಲ್ಲ, ಇಲಿಗಳೂ ಬೇಗ ಅದಕ್ಕೆ ಒಗ್ಗಿಕೊಳ್ಳುತ್ತವೆ. ಆ ದುಡ್ಡಿಗೆ ಜಾಲರಿ ತನ್ನಿ.