ನೀರು ಹೊಯ್ದರೆ ಗ್ರೇನ್ ಕರಗುತ್ತದೆಯೇ?

ಪ್ರಶ್ನೆ: ಕಪ್ಪು-ಬಿಳುಪು ಫಿಲಂ ಸಂಸ್ಕರಿಸುವ ಡಿ-76 ಡೆವಲಪರ್‌ಗೆ ಸಮಪಾಲು ನೀರು ಬೆರೆಸಿದರೆ ಗ್ರೇನ್ (ಚಿತ್ರದಲ್ಲಿ ಕಾಣುವ ಕಾಳುಕಾಳು) ಸಣ್ಣದಾಗುತ್ತದೆ ಎಂದು ಗೆಳೆಯರೊಬ್ಬರು ಹೇಳಿದರು. ನಿಜವೇ?

ಉತ್ತರ: ಇದನ್ನು ಕೇಳಿದವರಲ್ಲಿ ನೀವು ಎಷ್ಟನೆಯವರೋ, ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ. ನಿಮ್ಮ ಗೆಳೆಯರು ಡೆವಲಪರ್ ಅಂದರೆ ಸಾರು, ನೀರು ಹೊಯ್ದರೆ ಖಾರ ಇಳಿಯುತ್ತದೆ ಅಂದುಕೊಂಡಿದ್ದಾರೆ. ಆಗುವುದು ಉಲ್ಟಾ.

1927ರಿಂದ ಇರುವ ಡಿ-76ರಲ್ಲಿ ಚಿತ್ರ ಮೂಡಿಸುವ ರಾಸಾಯನಿಕಗಳು ಲೀಟರಿಗೆ ಮೆಟಾಲ್ 2 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ. ಸೋಡಿಯಂ ಸಲ್ಫೈಟ್ ಮಾತ್ರ 100 ಗ್ರಾಂ! ಡೆವಲಪರ್ ಕೆಡದಂತೆ ಕಾಯಲು ಅಷ್ಟೊಂದು ಬೇಕಿಲ್ಲ. ಉಳಿದದ್ದು ಬೆಳ್ಳಿಯ ಹರಳುಗಳ ಅಂಚನ್ನು ಮೆಲ್ಲನೆ ಕರಗಿಸುತ್ತದೆ, ಬಾಯಲ್ಲಿಟ್ಟ ಕಲ್ಲುಸಕ್ಕರೆಯ ಮೊನೆ ಸವೆದ ಹಾಗೆ. ಗ್ರೇನ್ ನುಣುಪಾಗುತ್ತದೆ, ಜೊತೆಗೆ ಚಿತ್ರದ ಹರಿತವೂ ತುಸು ಹೋಗುತ್ತದೆ. 1+1 (ಒಂದು ಪಾಲು ಡೆವಲಪರ್, ಒಂದು ಪಾಲು ನೀರು) ಮಾಡಿದರೆ ಲೀಟರಿಗೆ ಸಲ್ಫೈಟ್ 50 ಗ್ರಾಂ, ಮೂರು ಪಾಲು ನೀರಿನ 1+3ಕ್ಕೆ 25. ಸವೆತ ಕಡಿಮೆ, ಗ್ರೇನ್ ಸ್ವಲ್ಪ ಎದ್ದು ಕಾಣುತ್ತದೆ, ಶಾರ್ಪ್‌ನೆಸ್ ಏರುತ್ತದೆ.

ಇನ್ನೊಂದು ಕಾರಣವೂ ಇದೆ. ತೆಳು ಡೆವಲಪರ್ ನೆಗೆಟಿವ್‌ನ ದಟ್ಟ ಭಾಗದಲ್ಲಿ ಬೇಗ ದಣಿಯುತ್ತದೆ, ಪಕ್ಕದ ತಿಳಿ ಭಾಗದಲ್ಲಿ ತಾಜಾ ಉಳಿದಿರುತ್ತದೆ. ಆ ತಾಜಾ ದ್ರಾವಣ ನುಸುಳಿ ದಟ್ಟದ ಅಂಚನ್ನು ಇನ್ನಷ್ಟು ಕಪ್ಪಾಗಿಸುತ್ತದೆ. ದಟ್ಟ ಭಾಗ ಡೆವಲಪ್ ಆಗುವಾಗ ಹೊರಬಿದ್ದ ಬ್ರೋಮೈಡ್ ಇತ್ತ ಬಂದು ತಿಳಿಯ ಅಂಚನ್ನು ತಡೆಹಿಡಿಯುತ್ತದೆ. ಕಿಟಕಿಯ ಸರಳುಗಳು ಕೊರೆದಂತೆ ಕಾಣುವುದು ಇದರಿಂದಲೇ. ಟ್ಯಾಂಕನ್ನು ಮಜ್ಜಿಗೆ ಕಡೆದಂತೆ ಕುಲುಕಿದರೆ ಎಲ್ಲ ಕದಡಿಹೋಗುತ್ತದೆ.

ಸಮಯವೂ ಹಿಗ್ಗುತ್ತದೆ: ಎಚ್‌ಪಿ5 ಪ್ಲಸ್ ಫಿಲಂಗೆ, ಡಿ-76ರ ಅವಳಿಯಂಥ ಐಡಿ-11 ಡೆವಲಪರ್‌ನಲ್ಲಿ, 20 ಡಿಗ್ರಿಗೆ ಸ್ಟಾಕ್ (ನೀರು ಬೆರೆಸದ ದ್ರಾವಣ) ಆದರೆ 7.5 ನಿಮಿಷ, 1+1ಕ್ಕೆ 13, 1+3ಕ್ಕೆ 20. ಇಷ್ಟನ್ನು ಪಾಲಿಸಿಯೂ ನಾನೊಮ್ಮೆ ಕೆಟ್ಟೆ. 300 ಮಿ.ಲೀ. ಟ್ಯಾಂಕಿನಲ್ಲಿ 1+3, ಒಳಗಿದ್ದ ಸ್ಟಾಕ್ ಬರೀ 75 ಮಿ.ಲೀ. ಅಕ್ಕನ ಮಗಳ ನಾಮಕರಣವಿಡೀ ತಿಳಿಮಜ್ಜಿಗೆಯಾಗಿ ಹೊರಬಂತು. ಈಗ ರೋಲಿಗೆ 250 ಮಿ.ಲೀ. ಸ್ಟಾಕ್ ಇಲ್ಲದೆ ಮುಚ್ಚಳ ಹಾಕುವುದಿಲ್ಲ. ಅಂದರೆ 1+3ಕ್ಕೆ ಒಂದು ಲೀಟರಿನ ಟ್ಯಾಂಕ್ ಬೇಕು. ಅದಿಲ್ಲದವರು 1+1ಕ್ಕೇ ನಿಲ್ಲಿ.

ಪ್ರಶ್ನೆ: ಒಮ್ಮೆ ಬಳಸಿದ 1+1 ದ್ರಾವಣವನ್ನು ಇನ್ನೊಂದು ರೋಲಿಗೆ ಬಳಸಬಹುದೇ?

ಉತ್ತರ: ಚೆಲ್ಲಿ.

ಪ್ರಶ್ನೆ: ರೋಡಿನಲ್ ಎಂಬ ಇನ್ನೊಂದು ಡೆವಲಪರನ್ನು 1+100 ಮಾಡಿದರೆ ಗ್ರೇನ್ ಮಾಯವಾಗುತ್ತದೆಂದು ವಿಡಿಯೊದಲ್ಲಿ ನೋಡಿದೆ.

ಉತ್ತರ: ವಿಡಿಯೊ ಗುರುಗಳಿಗೆ ನಮಸ್ಕಾರ. ಅಷ್ಟು ತೆಳುವಿನಲ್ಲಿ ಹರಳು ಕರಗಿಸುವಷ್ಟು ಸಲ್ಫೈಟ್ ಎಲ್ಲಿಂದ ಬರಬೇಕು? ಗ್ರೇನ್ ಬೇಡವಾದರೆ ಐಎಸ್‌ಒ 400 (ಬೆಳಕಿಗೆ ಹೆಚ್ಚು ಸೂಕ್ಷ್ಮ) ಬಿಟ್ಟು 100ರ ಫಿಲಂ ಹಾಕಿ.

ಪ್ರಶ್ನೆ: ಬೇಸಿಗೆಯಲ್ಲಿ ನಲ್ಲಿ ನೀರು 28 ಡಿಗ್ರಿ. ಡೆವಲಪರ್‌ಗೆ ಐಸ್ ಹಾಕಲೇ?

ಉತ್ತರ: ಟಬ್ಬಿಗೆ ಹಾಕಿ, ಡೆವಲಪರ್ ಬಾಟಲಿಯನ್ನು ಅದರಲ್ಲಿಡಿ.